‘ನೋಡೋಣ’ ಎನ್ನುವ ದನಿ

ಸ್ಟೋರ್ ಗುಮಾಸ್ತ ಬಾಗಿಲಿನ ಚಿಲಕ ಹಾಕಿ ಬಂದು ರಿಸೀವರ್ ಎತ್ತಿದ. ಎರಡು ಸಲ ಕೆಮ್ಮಿದ. ಗದ್ದವನ್ನು ಎದೆಗೆ ಒತ್ತಿಕೊಂಡು ದನಿಯನ್ನು ಹೊಟ್ಟೆಯವರೆಗೆ ಇಳಿಸಿದ. ಐದು ವರ್ಷದಿಂದ ಊಟದ ಹೊತ್ತಿನಲ್ಲಿ ನಾಲ್ಕು ಜನರನ್ನು ನಗಿಸಲು ಮಾಡುತ್ತಿದ್ದ ಮ್ಯಾನೇಜರ ದನಿ. ಇವತ್ತು ನಗುವವರು ಯಾರೂ ಇರಲಿಲ್ಲ.

“ಹ್ಞಾ, ಹಾಜರಿ ಮೇಡಮ್ಮಾ? ಕಿವಿ ತಂದಿದೀರಾ, ಇಲ್ಲ ಅದನ್ನೂ ಮನೇಲೇ ಬಿಟ್ಟು ಬಂದಿದೀರಾ? ನಾಳೆ ಆ ಸ್ಟೋರ್ ಗುಮಾಸ್ತನಿಗೆ ರಜೆ ಬರ್ಕೊಳ್ಳಿ. ಅವನ ಮುಖ ನೋಡಿ ನೋಡಿ ನನಗೂ ಸಾಕಾಗಿದೆ.”

ಆ ಕಡೆ ಹಾಜರಿ ಪುಸ್ತಕದ ಹಾಳೆ ಮಗುಚುವ ಸದ್ದು ನಿಂತಿತು.

“ಸಾರೇನಾ ಮಾತಾಡ್ತಿರೋದು?”

“ಅಲ್ಲ, ನಮ್ಮ ತಾತ.”

ಹಾಜರಿ ಮೇಡಂ ಮೆತ್ತಗೆ ಹೇಳಿದರು: “ಆಯ್ತು ಸಾರ್, ಬರ್ಕೊಂಡೆ. ಗಂಟಲು ಜೋಪಾನ.”

ಅವನು ರಿಸೀವರ್ ಇಟ್ಟ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು. ಸುಮ್ಮನಿದ್ದರೆ ಅಮ್ಮನ ಕಣ್ಣು ಹೋಗುತ್ತಿತ್ತು. ಎರಡನ್ನೂ ತೂಗಿ ನೋಡಿಯೇ ಚಿಲಕ ಹಾಕಿದ್ದ.

ಅದು ಬೀಗ ತಯಾರಿಸುವ ಕಾರ್ಖಾನೆ. ಇನ್ನೂರು ಜನ ಬೀಗ ಮಾಡುತ್ತಿದ್ದರು, ಒಬ್ಬರು ಮಾತ್ರ ಬೀಗುತ್ತಿದ್ದರು. ‘ಮ್ಯಾನೇಜರ್’ ಎಂಬ ಪದವನ್ನು ಗುಮಾಸ್ತ ‘ಮಾನ ಜಾರ್’ ಎಂದು ಬಿಡಿಸುತ್ತಿದ್ದ. ಎದುರಿಗೆ ನಿಂತವರ ಮಾನ ಜಾರಿಸುವವರು ಎಂದು ಅರ್ಥ. ಆಳು ನೋಡಿದರೆ ಬೆಂಕಿಕಡ್ಡಿ, ದನಿ ಮಾತ್ರ ಖಾಲಿ ಪೀಪಾಯಿ ಉರುಳಿಸಿದ ಹಾಗೆ. ಎರಡು ಕೆಮ್ಮು, ಎದೆಗೊತ್ತಿದ ಗದ್ದ, ಆಮೇಲೆ ಉರುಳು. ಇಷ್ಟು ಸಣ್ಣ ಕಡ್ಡಿಯೊಳಗೆ ಅಷ್ಟು ದೊಡ್ಡ ದನಿಯನ್ನು ಎಲ್ಲಿ ಮಡಿಸಿಟ್ಟಿರುತ್ತಾರೆ ಎಂಬುದು ಗುಮಾಸ್ತನಿಗೆ ಐದು ವರ್ಷದಿಂದ ಬಗೆಹರಿಯದ ಒಗಟು.

ಪ್ಯಾಕಿಂಗಿನವರು ಒಂದು ಪೆಟ್ಟಿಗೆಯ ಕೀಲಿಗಳನ್ನು ಇನ್ನೊಂದಕ್ಕೆ ತುಂಬಿದರೆ ಬೈಗುಳ ಸ್ಟೋರ್‌ಗೆ. ಯಂತ್ರ ಕೆಟ್ಟರೂ ಸ್ಟೋರ್‌ಗೆ. “ನಿನ್ನ ತಲೇಗೆ ಹಾಕೋ ಬೀಗ ಯಾವ ಸೈಜಿಂದಯ್ಯಾ?” ಎಂದು ಒಂದು ದಿನ ಗುಮಾಸ್ತ ನಲವತ್ತು ಜನರ ಮುಂದೆ ಕೇಳಿಸಿಕೊಂಡ. ಮರುದಿನ ಊಟದ ಹೊತ್ತಿನಲ್ಲಿ ಅದೇ ಮಾತನ್ನು ಅದೇ ದನಿಯಲ್ಲಿ ಆಡಿ ಎಲ್ಲರನ್ನೂ ನಗಿಸಿದ. ಅವನ ಸೇಡು ಅಷ್ಟೇ.

ರಜೆ ಕೇಳಿದವರಿಗೆ ಸಿಗುತ್ತಿದ್ದುದು ಒಂದೇ ಮಾತು: “ನೋಡೋಣ.” ಅದೇ ಮಾತಿನಿಂದ ಅಮ್ಮನ ಕಣ್ಣಿನ ಆಪರೇಷನ್ ಎರಡು ಸಲ ಮುಂದಕ್ಕೆ ಹೋಗಿತ್ತು. ಈ ಸಲ ತಪ್ಪಿದರೆ ನಮ್ಮನ್ನು ಕೇಳಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

“ನಿಮ್ಮ ಸಾಹೇಬ್ರು ನೋಡೋಣ ನೋಡೋಣ ಅಂತಾನೇ ಇದಾರೆ,” ಎಂದಿದ್ದಳು ಅಮ್ಮ, ಗೋಡೆ ತಡವಿಕೊಂಡು ಅಡುಗೆಮನೆಗೆ ಹೋಗುತ್ತಾ. “ನನಗಂತೂ ಕಾಣಲ್ಲ ಮಗಾ. ಅವರಾದ್ರೂ ಬೇಗ ನೋಡಿ ಮುಗಿಸ್ಲಿ.”

ಫೋನ್ ಮಾಡಿದ ದಿನ ಬೆಳಿಗ್ಗೆ ಮೂರನೆಯ ಅರ್ಜಿ ಹಿಡಿದು ಹೋದಾಗ ಮ್ಯಾನೇಜರು ತಲೆಯನ್ನೂ ಎತ್ತಲಿಲ್ಲ. ‘ನೋಡೋಣ’ ಎಂದು ಕೆಂಪು ಶಾಯಿಯಲ್ಲಿ ಗೀಚಿ ಹಾಳೆಯನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದರು. ಬಾಯಿ ಬಿಡಲೇ ಇಲ್ಲ. ಬೈಸಿಕೊಳ್ಳುವ ಯೋಗ್ಯತೆಯೂ ತನಗೆ ಉಳಿದಿಲ್ಲ ಎಂದುಕೊಂಡು ಗುಮಾಸ್ತ ಮೆಟ್ಟಿಲಿಳಿದಿದ್ದ. ಸಂಜೆಯ ಹೊತ್ತಿಗೆ ಚಿಲಕ ಹಾಕಿದ.

ಆಪರೇಷನ್ ಆಯಿತು. ಅಂದೇ ಸಂಜೆ ಕಟ್ಟು ಬಿಚ್ಚಿದಾಗ ಅಮ್ಮ ಮಗನನ್ನು ಬಹಳ ಹೊತ್ತು ನೋಡಿದಳು.

“ಯಾವಾಗ ಇಷ್ಟು ಸವೆದುಹೋದೆಯೋ?” ಎಂದಳು.

ಮರುದಿನ ಕಾರ್ಖಾನೆಯ ಬಾಗಿಲಲ್ಲೇ ಕರೆ ಬಂತು. ಮ್ಯಾನೇಜರು ಕರೆಯುತ್ತಿದ್ದಾರೆ. ದಾರಿಯಲ್ಲಿ ಹಾಜರಿ ಮೇಡಂ ಎದುರಾದರು. “ನಾನು ಹೇಳಬೇಕಾಯ್ತಪ್ಪ, ಅವರೇ ಪುಸ್ತಕ ತರಿಸಿ ನೋಡಿದ್ರು,” ಎಂದು ಸೆರಗು ಸರಿಮಾಡಿಕೊಂಡು ಹೊರಟುಹೋದರು. ಗುಮಾಸ್ತ ಮೆಟ್ಟಿಲು ಹತ್ತಿದ. ಎಷ್ಟು ದಣಿದಿದ್ದನೆಂದರೆ ಭಯವೂ ಎರಡು ಮೆಟ್ಟಿಲು ಹಿಂದೆ ಬರುತ್ತಿತ್ತು.

ಒಳಗೆ ಮ್ಯಾನೇಜರು ಬಾಗಿಲು ಹಾಕುವಂತೆ ಸನ್ನೆ ಮಾಡಿದರು. ಕುರ್ಚಿ ತೋರಿಸಿದರು. ಐದು ವರ್ಷದಲ್ಲಿ ಆ ಕುರ್ಚಿಯಲ್ಲಿ ಅವನು ಕುಳಿತದ್ದು ಅದೇ ಮೊದಲು.

ಮ್ಯಾನೇಜರು ಎರಡು ಸಲ ಕೆಮ್ಮಿದರು, ಆದರೆ ಆಮೇಲೆ ಬರಬೇಕಾದ ಪೀಪಾಯಿ ಬರಲಿಲ್ಲ. ಒಣ ಎಲೆ ಉಜ್ಜಿದ ಹಾಗೆ ಏನೋ ಬಂತು.

“ಮೊನ್ನೆ ಬೆಳಿಗ್ಗೆಯಿಂದ ನನಗೆ ದನಿ ಇಲ್ಲ. ಸಂಜೆ ಹಾಜರಿ ಮೇಡಂಗೆ ನಾನು ಗುಡುಗಿದೆನಂತೆ.”

ಗುಮಾಸ್ತ ಎದ್ದು ನಿಂತ. “ತಪ್ಪಾಯ್ತು ಸಾರ್. ಅಮ್ಮನ ಕಣ್ಣು... ಕೆಲಸದಿಂದ ಮಾತ್ರ ತೆಗೀಬೇಡಿ.”

“ಕೂತ್ಕೊ.” ಮ್ಯಾನೇಜರು ಕುತ್ತಿಗೆ ಸವರಿಕೊಂಡರು. “ಗಂಟಲಲ್ಲಿ ಗಂಟಂತೆ. ನಾಳೆ ಕೊಯ್ಯಬೇಕಂತೆ, ತಡ ಮಾಡೋ ಹಾಗಿಲ್ಲ. ಮಾಲೀಕರನ್ನ ಎರಡು ಸಲ ರಜೆ ಕೇಳ್ದೆ.”

“ಏನಂದ್ರು ಸಾರ್?”

“ನೋಡೋಣ ಅಂದ್ರು.”

ಫೋನನ್ನು ಗುಮಾಸ್ತನ ಕಡೆಗೆ ತಿರುಗಿಸಿ ಇಟ್ಟರು. “ಹೆಡ್ ಆಫೀಸಿನ ಗುಮಾಸ್ತೆ ಇರ್ತಾಳೆ. ಮಾಲೀಕರ ದನೀಲಿ ಹೇಳು, ನಾಳೆ ಬೀಗದ ಕಾರ್ಖಾನೆ ಮ್ಯಾನೇಜರಿಗೆ ರಜೆ ಅಂತ.”

ಗುಮಾಸ್ತ ರಿಸೀವರಿಗೆ ಕೈ ಚಾಚಿ ಹಿಂದಕ್ಕೆ ತೆಗೆದ. “ಮಾಡ್ತಿದ್ದೆ ಸಾರ್. ಆದ್ರೆ ಮಾಲೀಕರ ದನಿ ನಾನು ಒಂದು ಸಲಾನೂ ಕೇಳಿಲ್ವಲ್ಲ.”

“ಐದು ವರ್ಷದಿಂದ ಊಟದ ಹೊತ್ತಲ್ಲಿ ಮಾಡ್ತಿದೀಯಲ್ಲಪ್ಪ, ಅದು ಅವರದ್ದೇ,” ಎಂದರು ಮ್ಯಾನೇಜರು. “ನಾನೂ ಕೇಳಿ ಕಲಿತಿದ್ದು.”