ಕಾಗೆಗೆ ಉಪಚಾರ

ಡೆಂಗಿಯಲ್ಲಿ ತೀರಿಕೊಂಡ ಅಕ್ಕನಿಗೆ ತಾರಸಿಯ ಮೇಲೆ ಎಡೆ ಇಟ್ಟು ಕಾಯುತ್ತಿದ್ದೆವು. ಸತ್ತವರು ಕಾಗೆಯಾಗಿ ಬಂದು ತಮಗೆ ಬೇಕಾದದ್ದನ್ನಷ್ಟೇ ಮುಟ್ಟುತ್ತಾರೆ, ಅದು ಸಿಗದಿದ್ದರೆ ಹಸಿದುಕೊಂಡೇ ಅಲೆಯುತ್ತಾರೆ ಎಂದು ಅಜ್ಜಿ ಕಥೆ ಹೇಳುತ್ತಿದ್ದಳು. ಕಾಗೆ ಮಾತ್ರ ನೀರಿನ ಟ್ಯಾಂಕಿನ ಮೇಲಿಂದ ಇಳಿಯಲೇ ಇಲ್ಲ.

ಎಲೆಯ ತುಂಬ ವಡೆ, ಜಿಲೇಬಿ, ತುಪ್ಪ ಸುರಿದ ಹೋಳಿಗೆ. ಬಿಸಿಲಿಗೆ ಜಿಡ್ಡು ಕರಗಿ ಎಲೆಯಂಚಿನಿಂದ ತೊಟ್ಟಿಕ್ಕುತ್ತಿತ್ತು.

"ಇನ್ನೂ ಏನು ಬೇಕಂತೆ ಇವಳಿಗೆ?" ದೊಡ್ಡಮ್ಮ ಜಿಡ್ಡಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಅಕ್ಕ ಇದ್ಯಾವುದನ್ನೂ ತಿಂತಿರಲಿಲ್ಲ ದೊಡ್ಡಮ್ಮ. ಆಪರೇಷನ್ ಮಾಡಿಸಿ ಹೊಟ್ಟೆ ಚಿಕ್ಕದು ಮಾಡಿಸ್ಕೊಂಡಿದ್ಲು. ಇಳಿಸಿದ ತೂಕ ಮತ್ತೆ ಏರಬಾರದು ಅಂತ ಆರು ವರ್ಷ ಬಾಯಿ ಕಟ್ಟಿದ್ಲು."

"ಅದಕ್ಕೇ ಕಣೇ, ಈಗಲಾದ್ರೂ ತಿನ್ಲಿ. ಇನ್ನೇನು ತೂಕ ಏರತ್ತಾ?"

ಅಕ್ಕ ಬದುಕಿದ್ದಾಗಲೂ ದೊಡ್ಡಮ್ಮ ಪ್ರತಿ ಊಟದಲ್ಲಿ ಹೀಗೇ ಬಲವಂತ ಮಾಡುತ್ತಿದ್ದಳು. ಅಕ್ಕ ಏನೂ ಮುಟ್ಟದೆ ಎದ್ದು ಹೋಗುತ್ತಿದ್ದಳು.

ನಾನು ಕೆಳಗಿಳಿದು, ಅಕ್ಕ ಅಳತೆಗೆಂದು ಇಟ್ಟುಕೊಂಡಿದ್ದ ಪುಟ್ಟ ಬಟ್ಟಲಲ್ಲಿ ಬೇಯಿಸಿದ ಹೆಸರುಕಾಳು ತಂದು, ಎಲೆಯಿಂದ ದೂರ ಇಟ್ಟೆ. ಟ್ಯಾಂಕಿನ ಮೇಲಿದ್ದ ಕಾಗೆ ಸರ್ರನೆ ಇಳಿಯಿತು. ಬಟ್ಟಲಿನ ಪಕ್ಕ ಕೂತು, ಕತ್ತು ಓರೆ ಮಾಡಿ ನೋಡಿ, ಮೆಲ್ಲಗೆ ಕೊಕ್ಕು ತಗ್ಗಿಸಿತು. ಅಮ್ಮ ಅಳುತ್ತಲೇ ಕೈಮುಗಿದಳು.

"ಅಯ್ಯೋ, ಬರೀ ಕಾಳಾ?" ದೊಡ್ಡಮ್ಮ ಜಿಲೇಬಿ ಹಿಡಿದು ಮುಂದಕ್ಕೆ ಬಗ್ಗಿದಳು. "ಇದೊಂದು ತಿನ್ನೇ, ಏನೂ ಆಗಲ್ಲ."

ಕಾಗೆ ಏನೂ ಮುಟ್ಟದೆ ಎದ್ದು ಹೋಯಿತು.