ಹೆಸರಿಲ್ಲದ ದೂರು

ವಿನಾಯಕ್ ತಾನು ಬರೆದ ದೂರಿನಿಂದ ಹೆಸರನ್ನು ಅಳಿಸಿದ. ‘ಕಲ್ಯಾಣಿ’ ಎಂದಿದ್ದ ಕಡೆಯಲ್ಲೆಲ್ಲ ‘ಆ ಕೋಚ್’ ಎಂದು ತಿದ್ದಿದ. ಹೆಂಗಸು ಎಂಬ ಸುಳಿವೂ ಬೇಡ, ಹಗೆಯಿಂದ ಬರೆದಂತೆ ಕಾಣಬಾರದು. ಕಲೂರಿನ ಕ್ಲಬ್ಬಿನಲ್ಲಿ ಇರುವುದೇ ಇಬ್ಬರು ಕೋಚ್‌ಗಳು, ಕಲ್ಯಾಣಿ ಮತ್ತು ಅವನು. ಓದಿದವರಿಗೆ ಯಾರೆಂದು ಗೊತ್ತಾಗದೆ ಇರುತ್ತದೆಯೇ?

‘ಆ ಕೋಚ್‌ಗೆ ಇರುವುದು ಅರ್ಧಂಬರ್ಧ ವಿದ್ಯೆ. ಎಲ್ಲ ಬಲ್ಲೆನೆಂಬ ಭ್ರಮೆ ಬೇರೆ. ಹೊಸಬರು ತಿಂಗಳೊಳಗೆ ಬಿಟ್ಟು ಹೋಗುತ್ತಾರೆ. ಇನ್ನೊಬ್ಬ ಕೋಚ್ ಸಹಿಸಿಕೊಂಡಿರುವುದರಿಂದ ಕ್ಲಬ್ ಉಳಿದಿದೆ. ದಯವಿಟ್ಟು ಕಳಿಸಿಬಿಡಿ.’

ಕೆಳಗೆ ‘ನೊಂದ ವಿದ್ಯಾರ್ಥಿ’ ಎಂದು ಹಾಕಿ, ಹೊಸದಾಗಿ ತೆರೆದ ಇಮೇಲ್‌ನಿಂದ ತಿರುವನಂತಪುರದ ಮೇಧಾ ಅವರಿಗೆ ಕಳಿಸಿದ. ಹಳೆಯ ಯುರೋಪಿನ ಕತ್ತಿವರಸೆ ಕಲಿಸುವ ಕ್ಲಬ್ಬನ್ನು ಮೊದಲು ಅಲ್ಲಿಯ ಉಳ್ಳೂರಿನಲ್ಲಿ, ಆಮೇಲೆ ಕಲೂರಿನಲ್ಲಿ ಕಟ್ಟಿದವರು ಅವರೇ.

ಕಲ್ಯಾಣಿ ಕಾಸರಗೋಡಿನ ಕಡೆಯವಳು, ಬ್ಯಾಂಕ್ ಅಧಿಕಾರಿ, ಐವತ್ತರ ಹತ್ತಿರ. ಎರಡು ಕೈಯ ಉದ್ದ ಕತ್ತಿಯನ್ನು ಸಾರಿನ ಸೌಟಿನಂತೆ ಹಿಡಿಯುತ್ತಾಳೆ ಎಂದು ವಿನಾಯಕನ ಲೆಕ್ಕ. ಹೊಸಬರ ಕತ್ತಿ ತಗುಲಿದರೆ ಸಾಕು, “ತಾಗಿತು! ಒಳ್ಳೆ ಹೊಡೆದಿ!” ಎಂದು ನಗುತ್ತಾಳೆ. ಸೋತು ಹಲ್ಲು ಕಿರಿಯುವವಳೂ ಒಬ್ಬ ಕೋಚೇ? ಅವನೋ, ಜರ್ಮನ್ ಭಾಷೆ ಕಲಿತು ಹಳೆಯ ಕತ್ತಿಗುರುಗಳ ಗ್ರಂಥಗಳನ್ನು ಮೂಲದಲ್ಲೇ ಓದಿದವನು.

ಮರುದಿನದ ಅಭ್ಯಾಸದಲ್ಲಿ ಹೊಸ ವಿದ್ಯಾರ್ಥಿನಿ ಪ್ರತೀಕ್ಷಾಳ ಕತ್ತಿಯ ತುದಿ ಅವನ ಎದೆಗೆ ಬಡಿಯಿತು. ದಪ್ಪ ಜಾಕೆಟ್ಟಿನ ಮೇಲೆ ಆದ ಸದ್ದು ಎಲ್ಲರಿಗೂ ಕೇಳಿಸಿತು.

“ತಾಗಿಲ್ಲ,” ಎಂದ ವಿನಾಯಕ್. “ಮೊದ್ಲು ನೆಟ್ಟಗೆ ನಿಲ್ಲೋದು ಕಲಿ.”

ಹುಡುಗಿ ಮುಖವಾಡ ತೆಗೆದು, “ಕಲ್ಯಾಣಿ ಚೇಚೀ,” ಎಂದು ಅಕ್ಕನನ್ನು ಕರೆದಂತೆ ಕರೆಯುತ್ತ ಆಚೆಯ ಸಾಲಿಗೆ ಹೋದಳು. ಇಂಥವರಿಗೆ ಅಂಥ ಕೋಚೇ ಸರಿ ಎಂದುಕೊಂಡ.

ಹತ್ತು ದಿನಕ್ಕೆ ಇಬ್ಬರಿಗೂ ಉಳ್ಳೂರಿನಿಂದ ಕರೆ ಬಂತು. ರೈಲಿನಲ್ಲಿ ಕಲ್ಯಾಣಿ ಬಾಳೆಹಣ್ಣಿನ ಬಜ್ಜಿ ಪಳಂಪೊರಿಯ ಪೊಟ್ಟಣವನ್ನು ಅವನತ್ತ ಚಾಚಿದಳು. ಅವನು ಮುಟ್ಟಲಿಲ್ಲ. ಎರಡು ಸಲ ಅವಳು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. ಭಯ ಹತ್ತಿದೆ ಎಂದು ಅವನಿಗೆ ಒಳಗೊಳಗೇ ನಗು.

ಉಳ್ಳೂರಿನ ಸಭಾಂಗಣದಲ್ಲಿ ಮೇಧಾ ಪತ್ರವನ್ನು ಗಟ್ಟಿಯಾಗಿ ಓದಿದರು.

“ಇದನ್ನ ಕಲೂರಿನ ಹದಿನಾಲ್ಕು ವಿದ್ಯಾರ್ಥಿಗಳಿಗೂ ಒಬ್ಬೊಬ್ರಾಗಿ ತೋರಿಸ್ದೆ. ಯಾರ ಬಗ್ಗೆ ಅಂತ ಕೇಳ್ದೆ. ಹದಿನಾಲ್ಕು ಜನಾನೂ ಒಂದೇ ಹೆಸರು ಹೇಳಿದ್ರು. ಇವತ್ತಿಗೆ ಒಬ್ರು ಬಿಡಬೇಕಾಗುತ್ತೆ.”

ವಿನಾಯಕ್ ಕಲ್ಯಾಣಿಯ ಕಡೆ ತಿರುಗಿದ. ಗೆದ್ದವನ ಔದಾರ್ಯ ಉಕ್ಕಿತು.

“ಬೇಜಾರ್ ಮಾಡ್ಕೋಬೇಡಿ. ಎಲ್ರಿಗೂ ಎಲ್ಲಾ ವಿದ್ಯೆ ಒಗ್ಗಲ್ಲ.”

“ಅವರಿಗ್ಯಾಕೆ ಹೇಳ್ತೀರಾ?” ಎಂದರು ಮೇಧಾ. “ಕೀಲಿಕೈ ಕೊಟ್ಟು ಹೋಗಬೇಕಾದವರು ನೀವು, ವಿನಾಯಕ್.”

ಬರೆದವನು ನಾನೇ ಎಂದು ಅವನು ಹೇಳುವಂತಿರಲಿಲ್ಲ.

ಕಲ್ಯಾಣಿ ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು: “ಅದು ನನ್ನ ಬಗ್ಗೆ ಬರೆದದ್ದು ಅಂತ ಹುಡುಗರಿಗೆ ಎಷ್ಟು ಹೇಳಿದೆ ಮಾರಾಯ್ರೆ, ಒಬ್ಬರೂ ನಂಬಲಿಲ್ಲ.”