ರೇಷ್ಮೆಯ ಮೇಲಿನ ಬೊಟ್ಟು

ಫ್ರಿಜ್ಜು, ವಾಷಿಂಗ್ ಮಷೀನುಗಳ ನಡುವೆ ಆ ದುಬಾರಿ ಸ್ಪೀಕರ್ ಜೋಡಿಯನ್ನು ನಿಲ್ಲಿಸಿದ್ದನ್ನು ಕಂಡೊಡನೆ ಚಿದಂಬರಯ್ಯನವರ ಮೈ ಉರಿದುಹೋಯಿತು. ಇಪ್ಪತ್ತೆಂಟು ವರ್ಷ ಆ ಊರಿನಲ್ಲಿ ಇಂಥವನ್ನು ಮಾರುತ್ತಿದ್ದವರು ಅವರೊಬ್ಬರೇ. ಕಂಪನಿಯವರು ಏಜೆನ್ಸಿಯನ್ನು ಈ ದೊಡ್ಡ ಮಳಿಗೆಗೆ ಕೊಟ್ಟು, ಅವರ ಅಂಗಡಿಯಲ್ಲಿದ್ದ ಮಾಲನ್ನೆಲ್ಲ ವಾಪಸ್ ಹೊತ್ತೊಯ್ದು ಮೂರು ತಿಂಗಳಾಗಿತ್ತು.

ಸ್ಪೀಕರಿನ ಮುಂದಿದ್ದ ಕಪ್ಪು ಬಟ್ಟೆಯ ಮುಚ್ಚಳವನ್ನು ಕಿತ್ತರು. ತಾರಸ್ವರ ಹೊಮ್ಮಿಸುವ ಪುಟ್ಟ ರೇಷ್ಮೆ ಗುಮ್ಮಟದ ಮೇಲೆ ಒಣಗಿದ ಕುಂಕುಮದ ಬೊಟ್ಟು! ಬೆರಳು ಒತ್ತಿದ ಕಡೆ ಗುಮ್ಮಟವೇ ಒಳಕ್ಕೆ ತಗ್ಗಿಹೋಗಿತ್ತು.

“ಯಾವ ಕತ್ತೆ ರೀ ಇದಕ್ಕೆ ಕುಂಕುಮ ಇಟ್ಟಿದ್ದು?”

ಗಿರಾಕಿಗಳೆಲ್ಲ ತಿರುಗಿ ನೋಡಿದರು.

“ನಾವಲ್ಲ ಸಾರ್,” ಎಂದಳು ಸೇಲ್ಸ್ ಹುಡುಗಿ. “ಇಲ್ಲಿಗೆ ಬಂದಾಗ್ಲೇ ಹೀಗಿತ್ತು.”

“ಸುಳ್ಳು ಬೇರೆ! ನನ್ನಂಗಡೀಲೂ ವರ್ಷಾವರ್ಷ ನಮ್ಮನೆಯವಳು ಆಯುಧಪೂಜೆ ಮಾಡ್ತಿದ್ಲು. ಇಂಥಾ ಅನಾಚಾರ ಒಂದಿನಾನೂ ಆಗಿಲ್ಲ. ಆಗಿದ್ರೆ, ಹಾಡು ಶುರುವಾದ ಮರುಕ್ಷಣ ನನ್ನ ಕಿವಿಗೆ ಗೊತ್ತಾಗ್ತಿತ್ತು. ಮಿಕ್ಸಿ ಮಾರೋರಿಗೆ ಎಲ್ಲಿಂದ ಬರ್ಬೇಕು ಅಂಥಾ ಕಿವಿ?”

ಹುಡುಗಿಯ ಮುಖ ಕೆಂಪಾಯಿತು. ಸ್ಪೀಕರನ್ನು ತಿರುಗಿಸಿ, ಅದರ ಬೆನ್ನನ್ನು ಅವರ ಮುಖಕ್ಕೆ ಎದುರಾಗಿ ನಿಲ್ಲಿಸಿದಳು.

ಅಲ್ಲಿ ಮಾಸಿದ ಚೀಟಿಯೊಂದು ಅಂಟಿತ್ತು, ಅದರ ಮೇಲೆ ಚಿದಂಬರಯ್ಯನವರದೇ ದುಂಡು ಅಕ್ಷರ: “ಮಾರಾಟಕ್ಕಲ್ಲ. ದಿನಾ ಗಿರಾಕಿಗಳಿಗೆ ಕೇಳಿಸುವ ಜೋಡಿ, 2013ರಿಂದ.”